ಏಪ್ರಿಲ್ ಒಂದರಂದು ಈ ಮನೆಯಲ್ಲಿದ್ದವರು

ವೆಲ್‌ಬರಿ, ಒಹಾಯೊ
ಶನಿವಾರ, ಮಾರ್ಚ್ 31, 1990

ಮಗಳೇ ರೆನೆಟಾ,

ಜರ್ಮನಿಯಲ್ಲಿ ಇನ್ನೂ ಚಳಿ ಇದೆಯಾ? ಕಾಲುಚೀಲ ಎರಡು ಜೊತೆ ಹಾಕ್ಕೋ. ಸೈನ್ಯದವರು ಕೊಡೋ ಕಾಲುಚೀಲದ ಮೇಲೆ ನನಗೆ ನಂಬಿಕೆ ಇಲ್ಲ.

ಒಂದು ವಿಷಯ ಹೇಳಬೇಕು. ಹೇಳೋಕೆ ಬೇರೆ ಯಾರೂ ಇಲ್ಲ. ಜನಗಣತಿಯ ಫಾರಂ ಬಂತು. ಒಂದು ವಾರ ಫ್ರಿಜ್ ಮೇಲೆ ಇಟ್ಟಿದ್ದೆ. ಹಾಲು ತೆಗೆಯೋಕೆ ಹೋದಾಗೆಲ್ಲ ಅದು ನನ್ನನ್ನೇ ನೋಡೋದು. ಬಸ್ ನಿಲ್ದಾಣದಲ್ಲಿ, ನಾನು ಅಡುಗೆ ಮಾಡೋ ಶಾಲೆಯ ಗೋಡೆ ಮೇಲೆ, ಮುಚ್ಚಿಹೋದ ಕಾರ್ಖಾನೆಯ ಗೇಟಿನ ಮೇಲೂ ಮೇಯರ್ ಬ್ಯಾನರ್ ಕಟ್ಟಿಸಿದಾರೆ, 'ಒಂದು ಲಕ್ಷ ಉಳಿಸೋಣ' ಅಂತ. ಊರಿನ ತಲೆಲೆಕ್ಕ ಲಕ್ಷಕ್ಕಿಂತ ಕೆಳಗಿಳಿದರೆ ವಾಷಿಂಗ್ಟನ್ನಿನಿಂದ ಬರೋ ದುಡ್ಡು ನಿಲ್ಲುತ್ತಂತೆ. ನಮ್ಮ ಪೂರ್ವ ಭಾಗದ ಬಸ್ಸೂ ನಿಲ್ಲುತ್ತಂತೆ. ಬಸ್ ನಿಂತರೆ ನಾನು ಕೆಲಸಕ್ಕೆ ಹೇಗೆ ಹೋಗಲಿ?

ಆದರೆ ನಿನ್ನ ಥರ್ಮನ್ ಮಾವ ಇಲ್ಲಿದ್ದಾನಲ್ಲ. ಕಾರ್ಖಾನೆ ಕೆಲಸ ಹೋದಮೇಲೆ, ಹೋದ ವರ್ಷದ ಹಿಂದಿನ ಅಕ್ಟೋಬರಿನಿಂದ ಇಲ್ಲೇ ಇದ್ದಾನೆ. ಈ ಸರ್ಕಾರಿ ಮನೆಯ ಬಾಡಿಗೆ ಕರಾರಿನಲ್ಲಿ ಒಬ್ಬರು ಅಂತಿದೆ. ನೆಂಟರು ಹದಿನಾಲ್ಕು ದಿನ ಇರಬಹುದು, ಹದಿನೈದನೇ ದಿನ ಹೌಸಿಂಗ್ ಆಫೀಸಿಗೆ ಹೇಳಬೇಕು. ನಾನು ಹೇಳಿಲ್ಲ. ಎರಡನೇ ಮಹಡಿಯ ಕೊರಿನ್ನಾ ನೆನಪಿದ್ದಾಳಾ? ಮಕ್ಕಳ ಅಪ್ಪನ ಅಂಗಿ ಒಂದು ಹ್ಯಾಂಗರಿನಲ್ಲಿ ಸಿಕ್ಕಿತು ಅಂತ ಆಫೀಸಿನವರು ಅವಳನ್ನ ಖಾಲಿ ಮಾಡಿಸಿದರು. ಒಂದೇ ಒಂದು ಅಂಗಿ. ಅವತ್ತಿನಿಂದ ಥರ್ಮನ್ನ ಬೂಟು ಓವನ್ ಕೆಳಗಿನ ಡ್ರಾಯರಿನಲ್ಲಿ, ಅವನ ರೇಜರ್ ಹಿಟ್ಟಿನ ಡಬ್ಬಿಯಲ್ಲಿ. ಯಾರಾದರೂ ಬಾಗಿಲು ತಟ್ಟಿದರೆ ಅವನು ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೋತಾನೆ. ಐವತ್ತೊಂದು ವರ್ಷದ ಗಂಡಸು.

ಅದಕ್ಕೇ, ಏಪ್ರಿಲ್ ಒಂದಕ್ಕೆ ಮನೆಯಲ್ಲಿ ಎಷ್ಟು ಜನ ಅನ್ನೋ ಕಡೆ ಒಂದು ಅಂತ ಬರೆದೆ. ಇಲ್ಲಿ ಎಲ್ಲರೂ ಹಾಗೇ ಬರೀತಾರೆ. ಈ ಮೂರು ಕಟ್ಟಡದಲ್ಲಿ ಕಾಗದ ನೋಡಿದರೆ ಗಂಡಸರೇ ಇಲ್ಲ. ಆದರೂ ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಆರು ಕಾರಿನ ಬಾನೆಟ್ ತೆರೆದಿರುತ್ತೆ.

ಮುಂದೆ ಇನ್ನೊಂದು ಪ್ರಶ್ನೆ ಇತ್ತು. 'ಸೇರಿಸಬೇಕೋ ಬೇಡವೋ ಗೊತ್ತಾಗದೆ ಯಾರನ್ನಾದರೂ ಬಿಟ್ಟಿದ್ದೀರಾ? ಬೇರೆ ಮನೆಯಿಲ್ಲದೆ ಇಲ್ಲಿ ಉಳಿಯುವವರನ್ನು?' ಅಂತ. ನಮ್ಮ ಸೋಫಾದ ಮೇಲೆ ಮಲಗಿರೋನನ್ನ ನೋಡ್ಕೊಂಡೇ ಬರೆದ ಹಾಗಿತ್ತು. ಹೌದು ಅನ್ನೋಕೂ ಕೈ ಬರಲಿಲ್ಲ, ಇಲ್ಲ ಅನ್ನೋಕೂ ಬರಲಿಲ್ಲ. ಖಾಲಿ ಬಿಟ್ಟು ಅಂಚೆಗೆ ಹಾಕಿದೆ. ಅವನಿಗೆ ಹೇಳಿಲ್ಲ. 'ಫಾರಂ ತುಂಬಿದೆಯಾ ಅಕ್ಕ?' ಅಂದ. 'ತುಂಬಿದೆ' ಅಂದೆ. ಅಷ್ಟೇ.

ತಪ್ಪು ಮಾಡಿದೆನಾ? ಬೇಗ ಬರಿ. ಫೋನ್ ಮಾಡಬೇಡ, ಅವನು ಪಕ್ಕದಲ್ಲೇ ಇರ್ತಾನೆ.

ನಿನ್ನ ಅಮ್ಮ,
ಒಜೆಲ್ಲಾ


ಜರ್ಮನಿ
ಏಪ್ರಿಲ್ 12, 1990

ಅಮ್ಮಾ,

ಕಾಲುಚೀಲ ಎರಡು ಜೊತೆ ಹಾಕಿದ್ದೇನೆ. ಈಗ ನನ್ನ ಮಾತು ಕೇಳು.

ತಪ್ಪು ಮಾಡಿದ್ದೀಯ. ಗಣತಿಯವರು ಬರೆದುಕೊಂಡದ್ದನ್ನು ಹೌಸಿಂಗ್ ಆಫೀಸಿಗೆ ಕೊಡುವ ಹಾಗಿಲ್ಲ. ಪೊಲೀಸರಿಗೂ ಕೊಡುವ ಹಾಗಿಲ್ಲ, ಕೊಟ್ಟರೆ ಅವರಿಗೇ ಜೈಲು. ನಾನು ಇಲ್ಲಿ ಗುಮಾಸ್ತೆಯ ಕೆಲಸ ಮಾಡುವವಳು, ಇಂಥ ಕಾಗದ ದಿನವೂ ನೋಡುತ್ತೇನೆ. ನಿನಗೆ ನಂಬಿಕೆ ಬರುವುದಿಲ್ಲ ಅಂತಲೂ ಗೊತ್ತು.

ನನಗೆ ಬೇಜಾರಾದದ್ದು ಅದಕ್ಕಲ್ಲ. ಅಜ್ಜಿ ತೀರಿಹೋದಾಗ ಆರನೇ ತರಗತಿಗೆ ಶಾಲೆ ಬಿಟ್ಟು ಮಾವನನ್ನು ಎತ್ತಿ ಬೆಳೆಸಿದವಳು ನೀನು. ಅವರಿಗೆ ಆಗ ಮೂರು ವರ್ಷ. ಅಂಥವರನ್ನು ಬಿಟ್ಟು ಬರೆದಿದ್ದೀಯ. ಬೇರೆಯವರ ಬಾಯಿಂದ ಗೊತ್ತಾಗುವ ಮೊದಲು ನೀನೇ ಹೇಳಿಬಿಡು. ಇವತ್ತೇ ಹೇಳು.

ರೆನೆಟಾ


ವೆಲ್‌ಬರಿ
ಭಾನುವಾರ, ಮೇ 6

ರೆನೆಟಾ,

ಹೇಳಬೇಕು ಅಂತಲೇ ಇದ್ದೆ. ಮೊದಲು ಈಸ್ಟರ್ ಆಗಲಿ ಅಂತ ಬಿಟ್ಟೆ. ಆಮೇಲೆ ಅವನಿಗೆ ಹಲ್ಲುನೋವು ಬಂತು.

ಗುರುವಾರ ಸಾಯಂಕಾಲ ಬಾಗಿಲು ತಟ್ಟಿದರು. ಥರ್ಮನ್ ಬಚ್ಚಲಿಗೆ ಹೋದ. ತೆಗೆದು ನೋಡಿದರೆ ನಮ್ಮ ಚರ್ಚಿನ ಗಾನಮೇಳದ ಮಾರ್ವೆಲ್ಲಾ ಓಟ್ಸ್. ಕುತ್ತಿಗೆಗೆ ಬಿಲ್ಲೆ, ಹೆಗಲಿಗೆ ದೊಡ್ಡ ಚೀಲ. ಅವಳು ಗಣತಿ ಕೆಲಸಕ್ಕೆ ಸೇರಿದ್ದು ನನಗೆ ಗೊತ್ತೇ ಇರಲಿಲ್ಲ.

'ಸಿಸ್ಟರ್ ಒಜೆಲ್ಲಾ, ನಿಮ್ಮ ಫಾರಮ್ಮಿನಲ್ಲಿ ಒಂದು ಪ್ರಶ್ನೆ ಖಾಲಿ ಇದೆ' ಅಂದಳು. ಮೂವತ್ತು ವರ್ಷದಿಂದ ನನ್ನನ್ನ ನೀನು ಅಂತ ಕರೆಯೋಳು, ಬಿಲ್ಲೆ ಹಾಕ್ಕೊಂಡ ತಕ್ಷಣ ನೀವು.

'ಕೂತ್ಕೋ ಮಾರ್ವೆಲ್ಲಾ. ಬ್ರೆಡ್ ಬೇಯ್ತಾ ಇದೆ. ಪರ್ಚ್ ಮೀನು ಹುರಿಯೋಣ ಅಂತಿದ್ದೆ, ಒಂದು ತುಂಡು ತಿಂದು ಹೋಗು.'

'ಕೆಲಸದ ಮೇಲೆ ಇರುವಾಗ ತಿನ್ನೋ ಹಾಗಿಲ್ಲ. ಒಂದೇ ಪ್ರಶ್ನೆ.' ಕನ್ನಡಕ ಏರಿಸಿ ಅದೇ ಪ್ರಶ್ನೆ ಓದಿದಳು, ಚರ್ಚಿನಲ್ಲಿ ಓದೋ ಹಾಗೆ, ನಿಧಾನವಾಗಿ, ದೊಡ್ಡ ದನಿಯಲ್ಲಿ. 'ಬೇರೆ ಮನೆಯಿಲ್ಲದೆ ಇಲ್ಲಿ ಉಳಿಯುವವರನ್ನು ಯಾರನ್ನಾದರೂ ಬಿಟ್ಟಿದ್ದೀರಾ?'

ಬಚ್ಚಲ ನಲ್ಲಿ ತೊಟ್ಟಿಕ್ಕೋದು ಕೇಳ್ತಿತ್ತು.

ಆಗ ಏನಾಯ್ತು ಗೊತ್ತಾ, ಚರ್ಮ ಸುಟ್ಟ ವಾಸನೆ ಬಂತು. ಬೂಟು! ಗಡಿಬಿಡಿಯಲ್ಲಿ ಓವನ್ ಜೋರು ಮಾಡಿದ್ದೆ, ಡ್ರಾಯರ್ ಕಾದುಹೋಗಿತ್ತು. ಮಾರ್ವೆಲ್ಲಾ ಮೂಗು ಅರಳಿಸಿದಳು.

'ಏನು ಬೇಯಿಸ್ತಿದ್ದೀರಿ ಸಿಸ್ಟರ್?'

'ಹೊಸ ಥರದ್ದು' ಅಂದೆ. ಅದೇ ನನ್ನ ಬಾಯಿಗೆ ಬಂದದ್ದು.

'ಆಮೇಲೆ? ಬಿಟ್ಟಿದ್ದೀರಾ?'

'ಇಲ್ಲ. ಯಾರೂ ಇಲ್ಲ. ನಾನೊಬ್ಬಳೇ' ಅಂದೆ. ಜೋರಾಗಿ ಹೇಳಿದೆ. ಅಷ್ಟು ಜೋರು ಬೇಕಿರಲಿಲ್ಲ.

ಅವಳು ಫಾರಮ್ಮಿನ ಮೇಲೆ ಒಂದು ಗೀಟು ಎಳೆದುಕೊಂಡು ಹೋದಳು. ಥರ್ಮನ್ ಹೊರಗೆ ಬಂದ. ಬೈತಾನೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿರ್ತಿತ್ತು. ಡ್ರಾಯರ್ ಎಳೆದು ಬೂಟು ತೆಗೆದು ಅಟ್ಟೆ ಮುಟ್ಟಿ ನೋಡಿದ.

'ಅಕ್ಕ, ಫಾರಮ್ಮಿನಲ್ಲೂ ಹೀಗೇ ಬರೆದಿದ್ದೆಯಾ?'

'ನೋಡು, ಈ ಮನೆ ಹೋದರೆ ಇಬ್ಬರೂ ಬೀದಿಗೆ ಬೀಳ್ತೀವಿ—'

'ಗೊತ್ತು. ಬರೆದಿದ್ದೆಯಾ ಅಂತ ಕೇಳಿದೆ.'

'ಹೂಂ.'

'ಸರಿ' ಅಂದ. ಮೀನು ತಿಂದ. ಚೆನ್ನಾಗಿದೆ ಅಂದ. ಅವತ್ತಿನಿಂದ ಮಾತು ಕಡಿಮೆ. ಬೆಳಿಗ್ಗೆ ಎದ್ದು ಹೊದಿಕೆ ಮಡಿಸಿ, ಸೋಫಾದ ದಿಂಬು ಯಾರೂ ಕೂತೇ ಇಲ್ಲ ಅನ್ನೋ ಹಾಗೆ ತಟ್ಟಿ ಇಟ್ಟು ಹೊರಗೆ ಹೋಗ್ತಾನೆ. ಊರಲ್ಲಿ ಅಲೀತಾನೆ. ಎಲ್ಲಿಗೆ ಅಂದರೆ 'ಕಾರ್ಖಾನೆ ಕಡೆ' ಅಂತಾನೆ. ಅಲ್ಲಿ ಈಗ ಏನಿದೆ, ಹುಲ್ಲು ಬೆಳೆದಿದೆ.

ನನಗೆ ಹೆದರಿಕೆ ಮಾರ್ವೆಲ್ಲಾಳದ್ದು. ಅವಳ ಬಾಯಿ ನಿನಗೆ ಗೊತ್ತಲ್ಲ.

ಅಮ್ಮ


ವೆಲ್‌ಬರಿ
ಮಂಗಳವಾರ, ಮೇ 22

ರೆನೆಟಾ,

ನಾನು ಅಂದುಕೊಂಡ ಹಾಗೇ ಆಯ್ತು. ಬುಧವಾರ ಬಾಗಿಲ ಕೆಳಗೆ ಹೌಸಿಂಗ್ ಆಫೀಸಿನ ನೋಟೀಸು ತೂರಿತ್ತು. ಮೂವತ್ತನೇ ತಾರೀಖು ಮನೆ ತಪಾಸಣೆ, ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರ ಒಳಗೆ, ಬಾಡಿಗೆದಾರರು ಇರತಕ್ಕದ್ದು. ಮಾರ್ವೆಲ್ಲಾ ಬಂದುಹೋಗಿ ಎರಡು ವಾರವೂ ಆಗಿರಲಿಲ್ಲ. ಇದಕ್ಕಿಂತ ಇನ್ನೇನು ಬೇಕು?

ಭಾನುವಾರ ಚರ್ಚಿನ ಅಡುಗೆಮನೆಯಲ್ಲಿ ಅವಳನ್ನ ಹಿಡಿದೆ. ಅವಳ ಕೈಯಲ್ಲಿ ಆಲೂಗಡ್ಡೆ ಸಲಾಡಿನ ಪಾತ್ರೆ ಇತ್ತು. 'ಎಷ್ಟಕ್ಕೆ ಮಾರಿದೆ ನನ್ನ ಮನೇನ?' ಅಂದೆ. ಅಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

'ಏನು ಮಾತಾಡ್ತಿದ್ದೀಯ ಒಜೆಲ್ಲಾ?'

'ಬಿಲ್ಲೆ ಹಾಕ್ಕೊಂಡು ಬಂದು ಅಕ್ಕಪಕ್ಕದವರ ಮನೆ ಮೂಸೋಳು ನೀನು. ನಾಯಿಗಾದರೂ ನಿಯತ್ತಿರುತ್ತೆ.'

ಅವಳು ಪಾತ್ರೆ ಕೆಳಗಿಟ್ಟಳು. ಕೋಟು ತೊಟ್ಟು, ಗಾನಮೇಳಕ್ಕೂ ನಿಲ್ಲದೆ ಮನೆಗೆ ಹೋದಳು.

ನಾನು ಮನೆಗೆ ಬಂದರೆ ಥರ್ಮನ್ ಇಲ್ಲ. ಚೀಲ ಇಲ್ಲ, ರೇಜರ್ ಇಲ್ಲ. ಮೇಜಿನ ಮೇಲೆ ನೋಟೀಸು, ಅದರ ಹಿಂದೆ ಅವನ ಕೈಬರಹ. ಹಾಗೇ ಇಳಿಸ್ತೀನಿ:

'ಅಕ್ಕ, ತಪಾಸಣೆಗೆ ಬಂದೋರು ಏನು ಹುಡುಕಿದರೂ ಸಿಗೋಲ್ಲ. ಮೂಲೆ ಮೂಲೆ ನೋಡಿದ್ದೀನಿ. ನೀನು ಬರೆದದ್ದು ಈಗ ನಿಜ ಆಯ್ತು. ಹೆದರಬೇಡ. ಥರ್ಮನ್.'

ರಕ್ತದೊತ್ತಡದ ಮಾತ್ರೆ ಬಿಟ್ಟು ಹೋಗಿದ್ದಾನೆ ಕಣೇ. ಸೀಸೆ ಕಿಟಕಿ ಹತ್ತಿರ ಇದೆ. ಎಲ್ಲಿ ಅಂತ ಹುಡುಕಲಿ? ಪೊಲೀಸರಿಗೆ ಹೇಳೋಣ ಅಂದರೆ, ಕಾಣೆಯಾದವನು ಎಲ್ಲಿ ವಾಸ ಇದ್ದ ಅಂತ ಅವರು ಮೊದಲು ಕೇಳ್ತಾರೆ. ಏನು ಹೇಳಲಿ? ಎರಡು ದಿನದಿಂದ ಕೆಲಸ ಮುಗಿಸಿ ಬಸ್ಸಿನ ಕೊನೇ ನಿಲ್ದಾಣದವರೆಗೂ ಹೋಗಿ ಕಿಟಕಿಯಿಂದ ನೋಡ್ಕೊಂಡು ಬರ್ತೀನಿ. ಹಲಗೆ ಬಡಿದ ಮನೆಗಳು ಎಷ್ಟಿವೆ ಈ ಊರಲ್ಲಿ. ಒಂದೊಂದನ್ನ ನೋಡಿದಾಗಲೂ ಇದರೊಳಗೆ ಮಲಗಿರ್ತಾನಾ ಅನ್ಸುತ್ತೆ.

ಅಮ್ಮ


ಜರ್ಮನಿ
ಜೂನ್ 2, 1990

ಅಮ್ಮಾ,

ಮಾವ ಬದುಕಿದ್ದಾರೆ. ಮೊದಲು ಅದನ್ನು ಓದಿ ಉಸಿರು ಬಿಡು.

ಟೊಲೀಡೊದಲ್ಲಿ ಇದ್ದಾರೆ. ಅವರ ಜೊತೆ ಕುಲುಮೆಯಲ್ಲಿ ಕೆಲಸ ಮಾಡುತ್ತಿದ್ದ ವೆಂಡಲ್ ಎಂಬುವವರ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ. ನನಗೆ ಬರೆದಿದ್ದಾರೆ. ನಿನಗೆ ಹೇಳಬಾರದು ಅಂದಿದ್ದಾರೆ. ಹೇಳುತ್ತಿದ್ದೇನೆ, ಯಾಕೆಂದರೆ ಮಾತ್ರೆ ಇಲ್ಲದೆ ಅವರು ಇರುವ ಹಾಗಿಲ್ಲ. ವಿಳಾಸ ಹಿಂದಿನ ಪುಟದಲ್ಲಿದೆ. ಮಾತ್ರೆ ಇವತ್ತೇ ಕಳಿಸು.

ಅವರ ಪತ್ರದ ಮೂರು ಸಾಲು ನೀನು ಓದಬೇಕು. 'ನಾನು ಹುಟ್ಟಿದಾಗ ಅಲಬಾಮದ ಕಚೇರಿಯಲ್ಲಿ ಯಾರೂ ಬರೆಸಲಿಲ್ಲ. ಕಾರ್ಖಾನೆ ಇಪ್ಪತ್ತೆರಡು ವರ್ಷ ನಂಬರು ಕೊಟ್ಟು ಎಣಿಸಿತು, ಆಮೇಲೆ ಅದೂ ಅಳಿಸಿತು. ಅಕ್ಕನಾದರೂ ಬರೀತಾಳೆ ಅಂದುಕೊಂಡಿದ್ದೆ.'

ಸಿಟ್ಟಿನಿಂದ ಬರೆದಿಲ್ಲ ಅವರು. ಅದನ್ನೇ ನನಗೆ ತಡೆಯಲಾಗಲಿಲ್ಲ.

ರೆನೆಟಾ


ವೆಲ್‌ಬರಿ
ಭಾನುವಾರ, ಜೂನ್ 17

ರೆನೆಟಾ,

ಮಾತ್ರೆ ಕಳಿಸಿದೆ. ಪತ್ರ ಇಡಲಿಲ್ಲ. ಮೂರು ಸಲ ಬರೆದು ಮೂರು ಸಲವೂ ಹರಿದೆ.

ತಪಾಸಣೆಯ ಕಥೆ ಕೇಳು. ಆಫೀಸಿನವನು ಬಂದ, ಚಿಕ್ಕ ಚಾಕು ತೆಗೆದ, ಕಿಟಕಿಯ ಬಣ್ಣ ಒಂದಿಷ್ಟು ಕೆರೆದು ಲಕೋಟೆಗೆ ಹಾಕ್ಕೊಂಡ. ಹಳೇ ಬಣ್ಣದಲ್ಲಿ ಸೀಸ ಇದೆಯಾ ಅಂತ ನೋಡ್ತಾರಂತೆ. ಎರಡು ನಿಮಿಷ. ಮಲಗೋ ಕೋಣೆ ಕಡೆ ತಿರುಗಿಯೂ ನೋಡಲಿಲ್ಲ. 'ಮುಂದಿನದು ಯಾವುದು, ವಾಸಿಕ್ ಅವರದಾ?' ಅಂದ. ಎದುರು ಮನೆಯ ಮಿಸೆಸ್ ವಾಸಿಕ್ ಅದೇ ನೋಟೀಸು ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದಳು. ಮೂರು ಕಟ್ಟಡಕ್ಕೂ, ಎಲ್ಲ ಮನೆಗೂ ಅದೇ ನೋಟೀಸು. ಎರಡು ವಾರದಲ್ಲಿ ಒಬ್ಬರನ್ನಾದರೂ ಕೇಳಲಿಲ್ಲ ನಾನು. ಕೇಳಿದರೆ ಗೊತ್ತಾಗಿಬಿಡುತ್ತೆ ಅನ್ನೋ ಹೆದರಿಕೆ.

ಮಾರ್ವೆಲ್ಲಾ ಮನೆಗೆ ಹೋದೆ. ಮೆಟ್ಟಿಲ ಮೇಲೆ ಕೂತು ಬಟಾಣಿ ಬಿಡಿಸ್ತಿದ್ದಳು. ಕೂತ್ಕೋ ಅನ್ನಲಿಲ್ಲ.

'ತಪ್ಪಾಯ್ತು' ಅಂದೆ.

'ಕೈ ಎತ್ತಿ ಪ್ರಮಾಣ ಮಾಡಿದ್ದೀನಿ ಒಜೆಲ್ಲಾ. ಯಾರ ಮನೆಗೆ ಹೋಗಿದ್ದೆ ಅಂತ ನನ್ನ ಗಂಡ ಕೇಳ್ತಾನೆ, ಅವನಿಗೂ ಹೇಳೋಲ್ಲ. ನಲವತ್ತು ವರ್ಷದಲ್ಲಿ ಅವನಿಗೆ ಹೇಳದೆ ಉಳಿಸಿಕೊಂಡ ಗುಟ್ಟು ಅದೊಂದೇ.'

'ನಿನಗೆ ಗೊತ್ತಾಗಿತ್ತಾ?'

'ಮನೆಯಲ್ಲಿ ಗಂಡಸಿನ ಬೂಟು ಬೇಯ್ತಿದ್ದರೆ ಗೊತ್ತಾಗಲ್ವೇನೇ? ಆದರೆ ನೀನು ಹೇಳಿದ್ದನ್ನ ಬರೀಬೇಕು, ಮೂಗು ಹೇಳಿದ್ದನ್ನ ಬರೆಯೋ ಹಾಗಿಲ್ಲ.' ಆಮೇಲೆ ಬಟಾಣಿಯ ಬುಟ್ಟಿ ನನ್ನ ಕಡೆ ತಳ್ಳಿದಳು. 'ನೀನು ಅವತ್ತು ಹೌದು ಅಂತೀಯ ಅಂತ ಕಾದೆ. ಪ್ರಶ್ನೇನ ಬೇಕಂತಲೇ ನಿಧಾನವಾಗಿ ಓದಿದೆ.'

ಬಟಾಣಿ ಬಿಡಿಸಿದೆ. ಬುಟ್ಟಿ ಖಾಲಿಯಾದ ಮೇಲೆ ಎದ್ದು ಬಂದೆ.

ಅಮ್ಮ


ವೆಲ್‌ಬರಿ
ಭಾನುವಾರ, ಸೆಪ್ಟೆಂಬರ್ 9

ತಮ್ಮಾ ಥರ್ಮನ್,

ಇದನ್ನ ಹರಿಯೋಲ್ಲ ಅಂತ ಮಾರ್ವೆಲ್ಲಾ ಎದುರು ಕೂತು ಬರೀತಿದ್ದೀನಿ. ಹರಿದರೆ ಬೆರಳ ಗೆಣ್ಣಿಗೆ ಹೊಡೀತೀನಿ ಅಂದಿದ್ದಾಳೆ.

ಊರಿನ ಲೆಕ್ಕ ಪೇಪರಿನಲ್ಲಿ ಬಂತು. ತೊಂಬತ್ತೊಂಬತ್ತು ಸಾವಿರದ ಎಂಟುನೂರ ಎಪ್ಪತ್ತೊಂದು. ಲಕ್ಷಕ್ಕೆ ನೂರ ಇಪ್ಪತ್ತೊಂಬತ್ತು ಕಡಿಮೆ. ಬಸ್ಸಿನಲ್ಲಿ ಅದೇ ಜಗಳ. ಜನ ಪೋರ್ಟೊರಿಕೋದವರನ್ನ ಬೈತಾರೆ, ಫಾರಂ ತುಂಬಲಿಲ್ಲ ಅಂತ. ಹಂಗೇರಿಯವರನ್ನ ಬೈತಾರೆ, ಮಕ್ಕಳನ್ನೆಲ್ಲ ಟೆಕ್ಸಾಸಿಗೆ ಕಳಿಸಿದರು ಅಂತ. ನಾನು ಕಿಟಕಿ ಕಡೆ ಮುಖ ಮಾಡಿ ಕೂತಿರ್ತೀನಿ. ನಮ್ಮ ಮೂರು ಕಟ್ಟಡದಲ್ಲಿ ಹೆಂಗಸರು ಬಚ್ಚಿಟ್ಟ ಗಂಡಸರನ್ನ ಸಾಲಾಗಿ ನಿಲ್ಲಿಸಿದರೆ ನೂರ ಇಪ್ಪತ್ತೊಂಬತ್ತು ಅಲ್ಲೇ ಆಗುತ್ತೆ.

ಬಿಟ್ಟುಹೋದವರಿಗೆ ಅಂತ ಪೇಪರಿನಲ್ಲಿ ಒಂದು ಫಾರಂ ಹಾಕಿದ್ದಾರೆ. ಈಗ ಎಲ್ಲಿದ್ದೀರಿ ಅಂತ ಕೇಳೋಲ್ಲ, ಏಪ್ರಿಲ್ ಒಂದನೇ ತಾರೀಖು ಎಲ್ಲಿದ್ದಿರಿ ಅಂತ ಕೇಳುತ್ತೆ. ಅವತ್ತು ನೀನು ಇಲ್ಲಿದ್ದೆ. ಭಾನುವಾರ. ಮಿಸೆಸ್ ವಾಸಿಕ್ಕಳ ನಲ್ಲಿ ರಿಪೇರಿ ಮಾಡಿಕೊಟ್ಟೆ. ನಿನ್ನ ಹೆಸರು, ವಯಸ್ಸು, ತಮ್ಮ ಅಂತ ಬರೆದು ಅಂಚೆಗೆ ಹಾಕಿದೆ. ಆ ಫಾರಂ ಮುಗೀತು.

ಇನ್ನೊಂದು ಇದರ ಜೊತೆ ಇದೆ. ಹೌಸಿಂಗ್ ಆಫೀಸಿಗೆ ಹೋಗಿದ್ದೆ. ಹೋಗೋಕೆ ನಾಲ್ಕು ದಿನ ಬೇಕಾಯ್ತು. ಮೂರು ದಿನ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಕರಾರಿಗೆ ಹೆಸರು ಸೇರಿಸೋ ಕಾಗದ ಇದು. ನಿನ್ನ ಸಹಿ ಬೇಕು. 'ಎಂದಿನಿಂದ ವಾಸ' ಅನ್ನೋ ಜಾಗ ಇದೆಯಲ್ಲ, ಅಲ್ಲಿ ಇವತ್ತಿನ ತಾರೀಖು ಹಾಕಿದರೆ ಏನೂ ತೊಂದರೆ ಇಲ್ಲ ಅಂದಳು ಗುಮಾಸ್ತೆ. ನಿಜವಾದ ತಾರೀಖು ಹಾಕಿದರೆ ವಿಚಾರಣೆ. ಮನೆ ಹೋಗಲೂಬಹುದು. ನಾನು ಅಕ್ಟೋಬರ್ 1988 ಅಂತ ಬರೆದಿದ್ದೀನಿ. ಪೆನ್ನಿನಲ್ಲಿ.

ಹೆದರಿಕೆ ಆಗ್ತಿದೆ ಥರ್ಮನ್. ಸಹಿ ಹಾಕಿ ಬೇಗ ಕಳಿಸು, ನಾನು ಮನಸ್ಸು ಬದಲಾಯಿಸೋ ಮೊದಲು.

ನಿನ್ನ ಅಕ್ಕ,
ಒಜೆಲ್ಲಾ


ಟೊಲೀಡೊ
ಸೆಪ್ಟೆಂಬರ್ 18, 1990

ಅಕ್ಕ,

ನಿನ್ನ ಕೈಬರಹ ಕೋಳಿ ಕೆದರಿದ ಹಾಗಿದೆ. ವೆಂಡಲ್ ಭೂತಗನ್ನಡಿ ತಂದುಕೊಟ್ಟ.

ಐದು ದಿನ ಆ ಕಾಗದ ನೋಡ್ತಾ ಕೂತಿದ್ದೆ. ಸಹಿ ಹಾಕಬಾರದು ಅಂದುಕೊಂಡೆ. ಅರವತ್ತು ವರ್ಷದವಳು ಮನೆ ಕಳಕೊಂಡರೆ ಅದು ನನ್ನ ತಲೆ ಮೇಲೆ ಬರುತ್ತೆ. ಹೊಸ ತಾರೀಖು ಹಾಕೋಣ ಅಂತಲೂ ಅನ್ನಿಸ್ತು. ಆದರೆ ನಿನ್ನ ಪೆನ್ನು ಒತ್ತಿ ಒತ್ತಿ ಕಾಗದದ ಹಿಂಭಾಗದಲ್ಲೂ ಅಕ್ಷರ ಮೂಡಿದೆ. ಎಷ್ಟು ಹೆದರಿಕೊಂಡು ಬರೆದಿದ್ದೀಯ ಅಂತ ಬೆರಳಿಗೆ ಗೊತ್ತಾಯ್ತು.

ಸಹಿ ಹಾಕಿದ್ದೀನಿ. ಅಂಚೆಯಲ್ಲಿ ಕಳಿಸೋಲ್ಲ. ವಿಚಾರಣೆಯಲ್ಲಿ 'ಎಲ್ಲಿ ಅಮ್ಮಾ ಆ ಮನುಷ್ಯ?' ಅಂತ ಕೇಳಿದರೆ ಕಾಗದ ತೋರಿಸ್ತೀಯಾ? ಮುಂದಿನ ಮಂಗಳವಾರದ ಬಸ್ಸಿಗೆ ಬರ್ತೀನಿ.

ಥರ್ಮನ್


212, ಎರಿಕ್‌ಸನ್ ಬೀದಿ, ಕೆಳಮಹಡಿ
ವೆಲ್‌ಬರಿ
ಭಾನುವಾರ, ಅಕ್ಟೋಬರ್ 28

ರೆನೆಟಾ,

ಮೇಲಿನ ವಿಳಾಸ ನೋಡಿ ನಿನಗೆ ಗೊತ್ತಾಗಿರುತ್ತೆ. ಗಾಬರಿಯಾಗಬೇಡ. ಗಾಬರಿ ನನ್ನ ಕೆಲಸ.

ವಿಚಾರಣೆ ಒಂಬತ್ತನೇ ತಾರೀಖು ಇತ್ತು. ಹ್ಯಾಸ್ಕಿನ್ ಅನ್ನೋ ಅಧಿಕಾರಿ, ಬೋಳುತಲೆ, ಒಳ್ಳೇ ಮನುಷ್ಯ. ನಮ್ಮ ಶಾಲೆಯಲ್ಲೇ ಓದಿದವನಂತೆ. ನಾನು ಬಡಿಸಿದ ಊಟ ಉಂಡಿದ್ದಾನಂತೆ. ಕಾಗದ ನೋಡಿ, ಕನ್ನಡಕ ತೆಗೆದು, ದನಿ ಇಳಿಸಿ ನನಗೆ ಹೇಳಿದ: 'ಮಿಸೆಸ್ ಟಿಬ್ಸ್, ಇದು 1988 ಅಂತಿದೆ. ವರ್ಷ ತಪ್ಪಿ ಬಿದ್ದಿರಬಹುದು. ನಿಮ್ಮದು 1990 ಅಂತ ಇರಬೇಕಲ್ಲವಾ? ಬೇಕಿದ್ದರೆ ಹೊಸ ಕಾಗದ ಕೊಡ್ತೀನಿ.'

ಡ್ರಾಯರ್ ತೆಗೆದು ಕಾಗದ ಮೇಜಿನ ಮೇಲಿಟ್ಟೂ ಬಿಟ್ಟ. ಖಾಲಿ ಕಾಗದ. ದೇವರಾಣೆ, ನನ್ನ ಕೈ ಮುಂದಕ್ಕೆ ಹೋಯ್ತು. ಥರ್ಮನ್ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ನನ್ನ ಕಡೆ ನೋಡಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡ್ತಿದ್ದ. ನೋಡದೇ ಇದ್ದದ್ದು ನನಗೆ ಸುಲಭ ಮಾಡೋಕೆ ಅಂತ ಗೊತ್ತಾಯ್ತು.

'ವರ್ಷ ಸರಿಯಾಗಿದೆ' ಅಂದೆ.

'ಮಿಸೆಸ್ ಟಿಬ್ಸ್, ಅರ್ಥ ಆಯ್ತು ತಾನೇ? ಹಾಗಾದರೆ ನಾನು—'

'ಆಯ್ತು ಕಣಪ್ಪ. ಎರಡು ವರ್ಷದಿಂದ ಅವನು ನನ್ನ ಮನೆಯಲ್ಲಿದ್ದಾನೆ. ಒಂದಿನವೂ ಇಲ್ಲದೆ ಇರಲಿಲ್ಲ, ನಾನು ಓಡಿಸೋವರೆಗೆ.'

ಅವನು ತುಂಬ ಹೊತ್ತು ಬರೆದ. ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕು ಅಂದ. ಹೇಳುವಾಗ ಅವನ ಮುಖವೇ ಬಾಡಿತ್ತು, 'ನನ್ನ ಕೈಯಲ್ಲಿಲ್ಲ' ಅಂದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ಮನೆಯಲ್ಲಿದ್ದ ಹನ್ನೊಂದು ವರ್ಷವೂ ಯಾವುದಕ್ಕೆ ಹೆದರಿ ಸತ್ತಿದ್ದೆನೋ ಅದೇ ಆಗಿಹೋಯ್ತು.

'ಈಗ ಏನು ಮಾಡೋದೋ?' ಅಂದೆ.

'ಅಕ್ಕ, ಈ ಊರಲ್ಲಿ ಬರ ಇರೋದು ಜನಕ್ಕೆ. ಮನೆಗಲ್ಲ' ಅಂದ.

ನಿಜ. ಈ ಬೀದಿ ಒಂದರಲ್ಲೇ ಒಂಬತ್ತು ಮನೆ ಖಾಲಿ. ಇದು ಮಿಸೆಸ್ ವಾಸಿಕ್ಕಳ ನಾದಿನಿಯ ಮನೆ, ಅವಳು ಮೇಲೆ ಇರ್ತಾಳೆ. ಪೈಪು, ಛಾವಣಿ ಎಲ್ಲ ಥರ್ಮನ್ ಸರಿಮಾಡಬೇಕು, ಅದಕ್ಕೆ ಬಾಡಿಗೆಯಲ್ಲಿ ಕಡಿತ. ಅಡುಗೆಮನೆಗೆ ಗಾಳಿ ನುಗ್ಗುತ್ತೆ. ಬಾಯ್ಲರ್ ಸಿಡಿಯುತ್ತೆ ಅಂತ ನನಗೆ ಅನುಮಾನ. ಮೊದಲ ದಿನ ಆ ಮುದುಕಿ ಕೇಳಿದಳು, 'ಎಷ್ಟು ಜನ ಇರ್ತೀರಿ?' ಅಂತ. 'ಒಬ್ಬಳೇ' ಅಂತ ಬಾಯಿಗೆ ಬಂದೇಬಿಟ್ಟಿತ್ತು. ಹಳೇ ಚಾಳಿ. 'ಇಬ್ಬರು' ಅಂದೆ.

ಊರಿನ ಲೆಕ್ಕ ಏನಾಯ್ತೋ ಗೊತ್ತಿಲ್ಲ. ಬಿಟ್ಟವರ ಫಾರಂ ಇನ್ನೂ ಎಣಿಸ್ತಿದ್ದಾರಂತೆ. ಬಸ್ ಇನ್ನೂ ಓಡ್ತಿದೆ.

ಡಿಸೆಂಬರಿನಲ್ಲಿ ರಜಾ ಸಿಗಬಹುದು ಅಂತ ಬರೆದಿದ್ದೆಯಲ್ಲ. ಯಾವತ್ತು ಬರ್ತೀಯ, ಎಷ್ಟು ದಿನ ಇರ್ತೀಯ, ಒಬ್ಬಳೇನಾ ಅಥವಾ ನೀನು ಕಳಿಸಿದ ಫೋಟೋದಲ್ಲಿ ನಿನ್ನ ಹಿಂದೆ ನಿಂತಿದ್ದ ಉದ್ದನೆಯ ಹುಡುಗನೂ ಬರ್ತಾನಾ, ಎಲ್ಲ ಸರಿಯಾಗಿ ಬರಿ. ಬಚ್ಚಿಡಬೇಡ. ಮೇಲಿನವಳಿಗೆ ಮೊದಲೇ ಹೇಳಿಬಿಡ್ತೀನಿ.

ಅಮ್ಮ
ಮತ್ತು ಮಾವ